ಬಾಗಿಲಿಗಿಂತ ಮೊದಲು ಬುಟ್ಟಿ

ಪಡುಮೇಲೂರು, ಕೆಳಕೇರಿ.
ಏರುಗಡಲು ತಿಂಗಳ ನಲವತ್ತೊಂದನೆಯ ದಿನ, ಇಸವಿ ೨೧೯೨.

ಬೆಕ್ಕು ಸಾಕಿರುವ ಹಿರಿಯರಲ್ಲಿ ವಿಜ್ಞಾಪನೆ.

ಮೇಲಿನ ದಿನಾಂಕವನ್ನು ಅಚ್ಚಿನ ತಪ್ಪೆಂದು ತಿಳಿಯಬಾರದಾಗಿ ಮೊದಲೇ ಕೋರುತ್ತೇನೆ. ನಮ್ಮಲ್ಲಿ ಒಂದು ತಿಂಗಳು ನಲವತ್ತು ದಿನಗಳನ್ನು ದಾಟುವುದುಂಟು. ಮಳೆಗಾಲದ ನಡುವೆ ಕಡಲು ತನ್ನ ಗೆರೆ ಮೀರಿ ಊರೊಳಕ್ಕೆ ಬಂದು ಹೋಗುವ ಅವಧಿಗೆ ಏರುಗಡಲು ಎಂದು ಹೆಸರು. ಅದು ಎಷ್ಟು ದಿನವಿದ್ದರೂ ಒಂದೇ ತಿಂಗಳು. ಕಡಲು ಹಿಂದಿರುಗಿತೆಂದು ಸಾರುವವರೆಗೆ ಮುಂದಿನ ತಿಂಗಳು ಹುಟ್ಟುವುದಿಲ್ಲ. ಈ ತಿಂಗಳಲ್ಲಿ ಮದುವೆಗಳಿಲ್ಲ, ಶಾಲೆಯಿಲ್ಲ, ಹೊಸ ಬಲೆಯನ್ನು ನೀರಿಗಿಳಿಸುವುದಿಲ್ಲ. ಇಂತಹ ಪದಗಳು ಈ ಪತ್ರದಲ್ಲಿ ಇನ್ನೂ ಕೆಲವು ಬರುತ್ತವೆ. ಅವು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಅದಕ್ಕಾಗಿ ಕ್ಷಮೆಯಿರಲಿ. ಆದರೆ ಅವು ಅಶುದ್ಧ ಪದಗಳಲ್ಲ ಎಂಬುದನ್ನು ಮಾತ್ರ ಸ್ಪಷ್ಟಪಡಿಸುತ್ತೇನೆ. ಪ್ರತಿಯೊಂದನ್ನೂ ನಾನು ಮಕ್ಕಳಿಗೆ ಕಲಿಸಿದ್ದೇನೆ, ಅರ್ಥ ತಿಳಿಯದೆ ಬಳಸಿದವರನ್ನು ನಿಲ್ಲಿಸಿ ಕೇಳಿದ್ದೇನೆ.

ನನ್ನ ಹೆಸರು ಇಂದುಮತಿ ದೇವಾಡಿಗ. ಪಡುಮೇಲೂರಿನ ಶಾಲೆಯಲ್ಲಿ ಕನ್ನಡವನ್ನೂ ಚರಿತ್ರೆಯನ್ನೂ ಕಲಿಸಿ ನಿವೃತ್ತಳಾದವಳು. ನಮ್ಮ ಊರನ್ನು ನಿಮ್ಮ ಭೂಪಟದಲ್ಲಿ ಹುಡುಕಬೇಡಿ. ಬೈಂದೂರಿನ ತೆಂಕಣ ದಿಕ್ಕಿಗೆ ಕಡಲಿನ ಮೇಲೆ ಬಾಗಿದಂತಿರುವ ಕೆಂಪು ಮುರಕಲ್ಲಿನ ದಿಣ್ಣೆಯ ಮೇಲೆ ಅದು ನಿಮ್ಮ ಕಾಲದ ಬಹಳ ಅನಂತರ ಹುಟ್ಟಿತು. ನಿವೃತ್ತ ಶಿಕ್ಷಕರಿಗೆ ಜೀವಮಾನದಲ್ಲಿ ಒಮ್ಮೆ ಹಿಂದಂಚೆಯ ಅವಕಾಶವಿದೆ. ಹಿಂದಂಚೆಯೆಂದರೆ ಕಳೆದುಹೋದ ಕಾಲಕ್ಕೆ ಹೋಗುವ ಅಂಚೆ. ಕಾಗದವು ನಿಮ್ಮನ್ನು ತಲಪುವುದಿಲ್ಲ; ಅದರಲ್ಲಿನ ಮಾತುಗಳು ಮಾತ್ರ ನಿಮ್ಮ ಕಾಲದ ಯಾವುದಾದರೊಂದು ಪತ್ರಿಕೆಯ ಪುಟವನ್ನೋ ಪುಸ್ತಕವನ್ನೋ ಸೇರಿಕೊಳ್ಳುತ್ತವೆ. ಹೆಚ್ಚಿನವರು ಈ ಅವಕಾಶವನ್ನು ತಮ್ಮ ಮುತ್ತಜ್ಜಿಗೆ ಮದ್ದು ಹೇಳಿಕಳುಹಿಸಲು ಬಳಸುತ್ತಾರೆ. ನನ್ನ ಸಹೋದ್ಯೋಗಿಯೊಬ್ಬರು ನಿಮ್ಮ ಕಾಲದ ಒಂದು ಪಠ್ಯಪುಸ್ತಕದ ತಪ್ಪುಗಳನ್ನು ಪಟ್ಟಿಮಾಡಿ ಕಳುಹಿಸಿದರು. ಅದನ್ನು ನಾನು ಅಲ್ಲಗಳೆಯಲಾರೆ. ನಾನು ಬೆಕ್ಕಿನ ವಿಷಯ ಬರೆಯುತ್ತಿದ್ದೇನೆ.

ವಿಷಯ ಸಣ್ಣದಲ್ಲ. ನಾಳೆ ಬೆಳಿಗ್ಗೆ ನಮ್ಮ ಕೇರಿಸಭೆ ಸೇರುತ್ತದೆ. ಕೆಳಕೇರಿಯ ಯಾವ ಮನೆಯಲ್ಲಿಯೂ ಇನ್ನು ಮುಂದೆ ಬೆಕ್ಕು ಇರಕೂಡದು, ಇರುವ ಬೆಕ್ಕುಗಳನ್ನೆಲ್ಲ ದಿಣ್ಣೆಯ ಮೇಲಿನ ಊರ ಕಣಜಕ್ಕೆ ಒಪ್ಪಿಸಬೇಕು ಎಂಬ ನಿರ್ಣಯ ಅಲ್ಲಿ ಮಂಡನೆಯಾಗಲಿದೆ. ನಿರ್ಣಯವು ಗೆದ್ದರೆ ನನ್ನ ನೆರೆಮನೆಯ ಅಕ್ಕಣಿ ಮರಕಾಲ್ತಿಯವರು ತಮ್ಮ ಬೂದಿ ಎಂಬ ಬೆಕ್ಕನ್ನು ಕಳೆದುಕೊಳ್ಳುತ್ತಾರೆ. ಅಕ್ಕಣಿಯವರು ಬಲೆ ಕಟ್ಟುವವರು. ವಯಸ್ಸಿನಲ್ಲಿ ನನಗಿಂತ ಹಿರಿಯರು. ಕಡಲಗೋಡೆಯ ಕಲ್ಲುಗಳ ಸಂದಿನಿಂದ ಇಲಿಗಳು ಹೊರಟುಬಂದು ಕಟ್ಟಿಟ್ಟ ಬಲೆಯನ್ನು ಕಡಿದು ಹಾಕದಂತೆ ಕಾಯುವುದು ಬೂದಿಯ ಉದ್ಯೋಗ. ಉದ್ಯೋಗದ ಮಾತು ಹೊರಗಿನವರಿಗೆ ಹೇಳುವ ಕಾರಣ. ಒಳಗಿನ ಕಾರಣವನ್ನು ಅವರು ನಿನ್ನೆ ನನ್ನ ಜಗಲಿಯ ಮೇಲೆ ಕುಳಿತು ಹೇಳಿದರು. ಅವರ ಮಾತನ್ನು ಅವರು ಆಡಿದ ಹಾಗೆಯೇ ಬರೆಯುತ್ತೇನೆ. ತಿದ್ದುವ ಆಸೆಯನ್ನು ತಡೆದುಕೊಂಡಿದ್ದೇನೆ. “ಕಾಣಿ ಟೀಚರೇ, ಬೂದಿನ ಕೊಂಡ್ಹೋರೆ ಕೂಗುಗಂಬ ಇನ್ನೊಂದ್ ಸಲ ಕೂಗಿದ್ರೂ ನಾ ಏಳ್ತಿಲ್ಲೆ. ಕಡ್ಲೇ ಬಂದ್ ಎಬ್ಸ್ಲಿ.” ಇದು ಮುನಿಸಿನ ಮಾತಲ್ಲ. ಅವರು ಒಮ್ಮೆ ಹಾಗೆ ಮಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಆ ದಿನದ ಕಥೆಯನ್ನು ಹೇಳುವ ಮೊದಲು ನಮ್ಮ ಮನೆಗಳ ರೀತಿಯನ್ನು ತಿಳಿಸಬೇಕು. ದಿಣ್ಣೆಯ ಬುಡದಲ್ಲಿರುವ ಕೆಳಕೇರಿಯ ಮನೆಗೆ ತೆರೆಮನೆ ಎನ್ನುತ್ತೇವೆ. ಪಡುವಣಕ್ಕೆ ಒಂದು ಬಾಗಿಲು, ಅದಕ್ಕೆ ಸರಿಯಾಗಿ ಎದುರು ಮೂಡಣಕ್ಕೆ ಇನ್ನೊಂದು ಬಾಗಿಲು, ನಡುವೆ ಅಡ್ಡಗೋಡೆಯಿಲ್ಲ. ಕಡಲು ಏರಿ ಬಂದಾಗ ಎರಡೂ ಬಾಗಿಲುಗಳನ್ನೂ ಕಿಟಕಿಗಳನ್ನೂ ತೆರೆದಿಟ್ಟರೆ ನೀರು ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆಯಿಂದ ಹೊರಟುಹೋಗುತ್ತದೆ. ನೆಲ ಕೆಸರಾಗುತ್ತದೆ, ಮನೆ ಉಳಿಯುತ್ತದೆ. ಮುಚ್ಚಿದ ಮನೆಯ ಗೋಡೆಯನ್ನು ಕಡಲು ತಳ್ಳಿ ಬೀಳಿಸುತ್ತದೆ. ಬಿದ್ದ ಗೋಡೆಯ ತೊಲೆಗಳು ತೇಲಿ ಹೋಗಿ ಪಕ್ಕದ ಮನೆಯನ್ನು ಬೀಳಿಸುತ್ತವೆ. ಆದುದರಿಂದ ಕೂಗುಗಂಬ, ಅಂದರೆ ಅಪಾಯವನ್ನು ಸಾರುವ ಕಹಳೆಯ ಕಂಬ, ಕೂಗಿದೊಡನೆ ನಾವು ಮಾಡುವ ಮೊದಲ ಕೆಲಸ ಬಾಗಿಲುಗಳನ್ನು ಹಾರುಹೊಡೆಯುವುದು. ಒಲೆಯ ಮೇಲೆ ಹಾಲಿದ್ದರೂ ಸರಿಯೆ, ತೊಟ್ಟಿಲಲ್ಲಿ ಮಗುವಿದ್ದರೂ ಸರಿಯೆ, ಬಾಗಿಲು ಮೊದಲು, ಮಿಕ್ಕಿದ್ದು ಆಮೇಲೆ. ಇದನ್ನು ಮಕ್ಕಳು ಅಕ್ಷರ ಕಲಿಯುವ ಮೊದಲೇ ಕಲಿಯುತ್ತಾರೆ. ಆಟವಾಡುವಾಗ ಯಾರಾದರೂ ತಮಾಷೆಗೆ ಕೂಗಿದರೂ ಕೇರಿಯ ಬಾಗಿಲುಗಳೆಲ್ಲ ಧಡಧಡನೆ ತೆರೆದುಕೊಳ್ಳುತ್ತವೆ. ನಮ್ಮ ಕೈಗಳಿಗೆ ಅದು ಉಸಿರಾಟದಷ್ಟು ಸಹಜ.

ಬೆಕ್ಕಿಗೆ ಈ ಏರ್ಪಾಡು ತಿಳಿಯದು. ಬೆಕ್ಕಿಗೆ ತಿಳಿಯುವುದಿಷ್ಟೇ: ಭಯಂಕರ ಸದ್ದು ಕೇಳಿತು, ಮನೆಯವರು ಅರಚಿದರು, ಮರುಗಳಿಗೆಯಲ್ಲಿ ಎಲ್ಲ ದಿಕ್ಕಿಗೂ ಓಡಿಹೋಗಲು ದಾರಿ ಸಿಕ್ಕಿತು. ಅದು ಓಡುತ್ತದೆ. ನೀರನ್ನು ಕಂಡು ಹಿಂದಕ್ಕೆ ಬರುತ್ತದೆ. ಮನುಷ್ಯರ ಕೈ ಚಾಚಿದುದನ್ನು ಕಂಡು ಮತ್ತೆ ಓಡುತ್ತದೆ. ಪ್ರತಿ ಏರುಗಡಲಿನಲ್ಲಿಯೂ ಕೆಳಕೇರಿ ಒಂದೆರಡು ಬೆಕ್ಕುಗಳನ್ನು ಹೀಗೆ ಕಳೆದುಕೊಳ್ಳುತ್ತದೆ. ಬೆಕ್ಕಿನ ಹಣೆಬರಹವೆಂದು ಸುಮ್ಮನಾಗುತ್ತದೆ.

ಈ ತಿಂಗಳ ಮೊದಲ ಕೂಗು ಮಧ್ಯಾಹ್ನದ ಊಟದ ಹೊತ್ತಿಗೆ ಬಂತು. ನನ್ನ ಮನೆಯಲ್ಲಿ ತೊಂದರೆಯಾಗಲಿಲ್ಲ. ನನ್ನ ಬೆಕ್ಕಿಗೆ ವಿಸರ್ಗ ಎಂದು ಹೆಸರು. ಕಿವಿಯ ಪಕ್ಕದಲ್ಲಿ ಒಂದರ ಮೇಲೊಂದು ಎರಡು ಕಪ್ಪು ಚುಕ್ಕೆಗಳಿವೆ. ಕೇರಿಯವರು ಇಸರ್ಗ ಎಂದು ಕರೆಯುತ್ತಾರೆ, ಅದು ಅವರಿಗೂ ಓಗೊಡುತ್ತದೆ, ಏನು ಮಾಡಲಿ. ವಿಸರ್ಗ ಊಟ ಮಾಡುವುದೇ ಬೆನ್ನುಬುಟ್ಟಿಯೊಳಗೆ. ಬೆನ್ನುಬುಟ್ಟಿಯೆಂದರೆ ಬೆತ್ತದಿಂದ ಹೆಣೆದ, ಮುಚ್ಚಳವಿರುವ, ಬೆನ್ನಿಗೆ ಕಟ್ಟಿಕೊಳ್ಳುವ ಬುಟ್ಟಿ. ಅದು ಉಣ್ಣುತ್ತಿತ್ತು, ನಾನು ಮುಚ್ಚಳ ಹಾಕಿದೆ, ಬಳಿಕ ಬಾಗಿಲು ತೆರೆದೆ. ನಿಯಮದ ಪ್ರಕಾರ ಕ್ರಮ ತಪ್ಪಿತು ನಿಜ. ಆದರೆ ಒಂದು ಮುಚ್ಚಳ ಹಾಕುವಷ್ಟು ಹೊತ್ತಿನ ತಪ್ಪನ್ನು ಯಾರೂ ಗಮನಿಸಲಿಲ್ಲ. ದೋಣಿಯಲ್ಲಿ ಹೋಗಿ ಕುಳಿತೆ. ನಮ್ಮ ಸಾಲಿನ ದೋಣಿಯನ್ನು ನಡೆಸುವವನು ಜಟ್ಟಿಗ ಖಾರ್ವಿ, ನನ್ನ ಹಳೆಯ ವಿದ್ಯಾರ್ಥಿ. ಅವನ ಮನೆ ಅಕ್ಕಣಿಯವರ ಮನೆಯ ಆಚೆಬದಿಗಿದೆ.

ದೋಣಿ ತುಂಬಿತು. ಅಕ್ಕಣಿಯವರು ಬರಲಿಲ್ಲ. ಅವರ ಎರಡೂ ಬಾಗಿಲುಗಳು ನಿಯಮದಂತೆ ತೆರೆದಿದ್ದವು. ಆದುದರಿಂದ ಒಳಗೆ ನಡೆಯುತ್ತಿದ್ದುದೆಲ್ಲ ದೋಣಿಯಲ್ಲಿದ್ದ ನಮಗೆ ಕಾಣುತ್ತಿತ್ತು. ಬೂದಿ ಮೂಡಣ ಬಾಗಿಲಿನಿಂದ ಹೊರಗೆ ಜಿಗಿದು, ಮೆಟ್ಟಿಲಿನ ಬಳಿ ನೀರನ್ನು ಕಂಡು, ಕಿಟಕಿಯಿಂದ ಒಳಗೆ ಹೋಯಿತು. ಅಕ್ಕಣಿಯವರು ಸೆರಗು ಸೊಂಟಕ್ಕೆ ಬಿಗಿದು ಅದರ ಹಿಂದೆ. ಅದು ಪಡುವಣ ಬಾಗಿಲಿನಿಂದ ಹೊರಗೆ, ಅವರೂ ಹೊರಗೆ. ಅದು ಬಲೆಯ ರಾಶಿಯ ಮೇಲೆ. ಅವರು ಬಲೆಯಲ್ಲಿ ಕಾಲು ಸಿಕ್ಕಿ ಕೆಳಗೆ. ದೋಣಿಯಲ್ಲಿ ಯಾರೋ ನಕ್ಕರು. ಆಮೇಲೆ ಯಾರೂ ನಗಲಿಲ್ಲ, ಏಕೆಂದರೆ ನೀರು ಎರಡನೆಯ ಮೆಟ್ಟಿಲಿಗೆ ಬಂದಿತ್ತು. ಜಟ್ಟಿಗ ಕೂಗಿದ: “ಅಕ್ಕಣಮ್ಮಾ, ಎಂತ ಮರಾಯ್ತಿ ಇದ್! ಒಂದ್ ಬೆಕ್ಕಿಗೋಸ್ಕರ ದೋಣಿ ತುಂಬ ಜನ ಸಾಯ್ಕಾ?” ಅಕ್ಕಣಿಯವರು ಎದ್ದು ಕುಳಿತು, ಮೊಣಕಾಲು ಉಜ್ಜಿಕೊಳ್ಳುತ್ತ, ಸಂತೆಗೆ ಹೋಗುವವರನ್ನು ಕಳುಹಿಸಿಕೊಡುವ ದನಿಯಲ್ಲಿ ಉತ್ತರ ಕೊಟ್ಟರು. “ನೀವ್ ಹೋಯ್ನಿ. ಬೂದಿ ಇಲ್ದೆ ನಾ ಬತ್ತಿಲ್ಲೆ.”

ಜಟ್ಟಿಗ ಹಗ್ಗಕ್ಕೆ ಕೈಹಾಕಿದ. ಅವನನ್ನು ನಾನು ದೂರುವುದಿಲ್ಲ. ದೋಣಿಯಲ್ಲಿ ಅವನ ಹೆಂಡತಿ ಸೀತು ಎಳೆಯ ಕೂಸನ್ನು ಎದೆಗವಚಿ ಕುಳಿತಿದ್ದಳು. ಬೆನ್ನುಬುಟ್ಟಿಯನ್ನು ಸೀತುವಿನ ಪಕ್ಕದಲ್ಲಿರಿಸಿ ನಾನು ದೋಣಿಯಿಂದ ಇಳಿದೆ. ನೀರು ಪಾದಗಂಟಿನ ಮೇಲಿತ್ತು, ತಣ್ಣಗಿತ್ತು, ಒಳಮುಖವಾಗಿ ಎಳೆಯುತ್ತಿತ್ತು. “ಜಟ್ಟಿಗಾ, ನಾನು ಬರುವವರೆಗೆ ಹಗ್ಗ ಬಿಚ್ಚಕೂಡದು” ಎಂದೆ. ತರಗತಿಯಲ್ಲಿ ಬಳಸುತ್ತಿದ್ದ ದನಿಯಲ್ಲಿಯೇ ಹೇಳಿರಬೇಕು, ಏಕೆಂದರೆ ಅವನ ಕೈ ಹಗ್ಗದ ಮೇಲೆ ನಿಂತಿತು. ಸೀತು, “ಒಂದ್ ಗಳ್ಗಿ ಕಾಣಿ, ಟೀಚರ್ ಬತ್ರ್” ಎಂದದ್ದು ಬೆನ್ನ ಹಿಂದೆ ಕೇಳಿಸಿತು.

ತೆರೆದ ಮನೆಯಲ್ಲಿ ಬೆಕ್ಕನ್ನು ಹಿಡಿಯಲಾಗದು. ಇಬ್ಬರಿರಲಿ, ಹತ್ತು ಮಂದಿಯಿರಲಿ, ಆಗದು. ಒಳಗೆ ಕಾಲಿಟ್ಟ ಕೂಡಲೆ ನನಗೆ ಇದು ಹೊಳೆಯಿತು. ಇದಕ್ಕೆ ಮಾಡಬೇಕಾದ ಕೆಲಸವೂ ಹೊಳೆಯಿತು. ನಾನು ಬೂದಿ ಒಳಗೆ ಬರುವುದನ್ನು ಕಾದೆ. ಅದು ಕಿಟಕಿಯಿಂದ ಜಿಗಿದು ಒರಳಿನ ಬಳಿ ನಿಂತ ಕ್ಷಣದಲ್ಲಿ ಆ ಕಿಟಕಿಯನ್ನು, ಹಿಂದೆಯೇ ಉಳಿದವನ್ನೂ ಎಳೆದುಕೊಂಡೆ. ಮೂಡಣ ಬಾಗಿಲು ಮುಚ್ಚಿದೆ. ಪಡುವಣ ಬಾಗಿಲು ಮುಚ್ಚಿ ಅಗುಳಿ ಹಾಕಿದೆ. ಏರುಗಡಲಿನಲ್ಲಿ, ಕಡಲಿಗೆ ಎದುರಾಗಿ, ಬಾಗಿಲು ಮುಚ್ಚುವುದು ಹೇಗಿರುತ್ತದೆಂದು ನಿಮಗೆ ವಿವರಿಸಲು ನನ್ನಲ್ಲಿ ಸಮರ್ಪಕವಾದ ಪದವಿಲ್ಲ. ಪದವಿಲ್ಲವೆಂದು ನಾನು ಸುಲಭವಾಗಿ ಒಪ್ಪುವವಳಲ್ಲ. ಕೈ ಒಪ್ಪಲಿಲ್ಲ. ಅಕ್ಕಣಿಯವರು ಗೋಡೆಗೆ ಬೆನ್ನು ಹಚ್ಚಿ, ಬಾಯಿಗೆ ಕೈಯಿಟ್ಟು ನೋಡುತ್ತಿದ್ದರು. ಹೊರಗಿನ ಬೆಳಕು ಹೋಯಿತು, ಹೊರಗಿನ ಕೂಗಾಟ ಅಡಗಿತು, ನೀರಿನ ಸದ್ದು ಮಾತ್ರ ನಾಲ್ಕೂ ಕಡೆಯಿಂದ ಉಳಿಯಿತು.

ಬಾಗಿಲಿನಡಿಯಿಂದ ನೀರು ಬುಗ್ಗೆಯಂತೆ ಚಿಮ್ಮತೊಡಗಿತು. ಪಡುವಣ ಗೋಡೆ, ಮನುಷ್ಯರು ಉಸಿರೆಳೆದಾಗ ಎದೆ ಉಬ್ಬುವಂತೆ, ಒಳಕ್ಕೆ ಉಬ್ಬಿ ಹಿಂದಕ್ಕೆ ಹೋಯಿತು. ಬೂದಿ ಒರಳಿನ ಹಿಂದೆ ಸೇರಿಕೊಂಡು ಸೀಳುದನಿ ತೆಗೆಯುತ್ತಿತ್ತು. ಬುಟ್ಟಿಯೆಲ್ಲಿ ಎಂದು ಕೇಳಿದೆ. “ಅಟ್ಟದ್ ಮೇಲ್ ಇತ್ತ್” ಎಂದರು ಅಕ್ಕಣಿಯವರು. ಅಟ್ಟದ ಮೇಲೆ! ಹಳೆಯ ಹಗ್ಗ, ಒಡೆದ ಲಾಟೀನು, ತೂತುಬಿದ್ದ ಬಲೆ, ಇವುಗಳ ಕೆಳಗೆ ಬುಟ್ಟಿ. ನಾನು ದಿಂಬಿನ ಹೊದಿಕೆಯನ್ನು ಕಿತ್ತು ಅಕ್ಕಣಿಯವರ ಕೈಗೆ ಕೊಟ್ಟೆ. ಅವರು ಒರಳಿನ ಪಕ್ಕದಲ್ಲಿ ನೀರಿನಲ್ಲಿಯೇ ಕುಳಿತು ಮಾತನಾಡತೊಡಗಿದರು. ಬಲೆ ಕಟ್ಟುವಾಗ ಆಡುವ ಮಾತುಗಳು, ನಿನ್ನೆಯ ಮೀನಿನ ವಿಚಾರ, ಸೊಸೆಯ ತವರಿನ ವಿಚಾರ. ಗೋಡೆ ಮತ್ತೊಮ್ಮೆ ಉಬ್ಬಿತು. ಸೂರನ್ನು ಹೊತ್ತ ಪಕಾಸಿನ ಮರವೊಂದು ಫಟ್ಟೆಂದು ಸಿಡಿಯಿತು. ಬೇಗ ಎಂದು ನಾನು ಹೇಳಲಿಲ್ಲ. ಹೇಳಿದ್ದರೆ ಬೆಕ್ಕು ಇನ್ನೂ ಒಳಕ್ಕೆ ಸರಿಯುತ್ತಿತ್ತು. ಅವರ ಕೈ ನಿಧಾನವಾಗಿ ಒರಳಿನ ಹಿಂದೆ ಹೋಯಿತು, ಬೂದಿಯ ಕುತ್ತಿಗೆಯ ಸಡಿಲು ಚರ್ಮವನ್ನು ಹಿಡಿಯಿತು, ಇನ್ನೊಂದು ಕೈ ಅದರ ಹೊಟ್ಟೆಗೆ ಆಸರೆಯಾಯಿತು. ಬೂದಿ ಒಳಗಿಳಿದೊಡನೆ ಹೊದಿಕೆಯ ಬಾಯಿಯನ್ನು ನಾನು ಸೆರಗಿನ ಅಂಚು ಹರಿದು ಬಿಗಿದೆ. ನನ್ನ ಮುಂಗೈಯ ಮೇಲೆ ಇನ್ನೂ ಗೀರುಗಳಿವೆ.

ಮೂಡಣ ಬಾಗಿಲನ್ನು ತೆರೆದಾಗ ಹೊರಗೆ ನೀರು ಸೊಂಟದೆತ್ತರವಿತ್ತು. ಜಟ್ಟಿಗ ಹಗ್ಗ ಬಿಚ್ಚಿರಲಿಲ್ಲ. ಅವನು ನೀರಿಗಿಳಿದು ಅಕ್ಕಣಿಯವರನ್ನು ಎತ್ತಿ ದೋಣಿಗೆ ಹಾಕಿದ, ನನ್ನನ್ನು ರಟ್ಟೆ ಹಿಡಿದು ಎಳೆದ. ಅಕ್ಕಣಿಯವರು ಹೊದಿಕೆಯನ್ನು ಎದೆಗವಚಿಕೊಂಡು, ಹಲ್ಲು ಕಟಕಟಿಸುತ್ತ, ಎಲ್ಲರಿಗೂ ಕೇಳುವಂತೆ ಹೇಳಿದರು: “ಟೀಚರ್ ಬಾಗ್ಲ್ ಹಾಕ್ರಲ್ದಾ, ಕಡ್ಲೂ ಕ್ಲಾಸಿನ್ ಹೊರ್ಗೆ ನಿಂತಿತ್ತ್!” ಸೀತು ಅಳುತ್ತಿದ್ದವಳು ನಕ್ಕುಬಿಟ್ಟಳು. ಆ ನಗು ಮುಗಿಯುವ ಮೊದಲೇ ನಮ್ಮ ಬೆನ್ನ ಹಿಂದೆ ಪಡುವಣ ಗೋಡೆ ಕುಸಿಯಿತು. ಅದರ ತೊಲೆಯೊಂದು ನೀರಿನ ಸೆಳೆತಕ್ಕೆ ಸಿಕ್ಕಿ ತಿರುಗಿಕೊಂಡು ನೇರವಾಗಿ ಜಟ್ಟಿಗನ ಮನೆಗೆ ಬಡಿಯಿತು. ಎಲ್ಲ ಬಾಗಿಲುಗಳನ್ನೂ ನಿಯಮದಂತೆ ತೆರೆದಿಟ್ಟು ಬಂದಿದ್ದ ಮನೆ, ಕಂಬ ಮುರಿದು ಒಂದು ಬದಿಗೆ ಕುಳಿತುಬಿಟ್ಟಿತು. ಜಟ್ಟಿಗ ಹುಟ್ಟು ಹಾಕುವುದನ್ನು ನಿಲ್ಲಿಸಿ ನೋಡಿದ. “ನಿಮ್ಗ್ ಕಾದದ್ದಕ್ಕೆ ನಂಗ್ ಸಿಕ್ಕಿದ್ ಇದಾ ಟೀಚರೇ?” ಎಂದ.

ನಿರ್ಣಯವನ್ನು ಮಂಡಿಸುತ್ತಿರುವವನು ಜಟ್ಟಿಗನೇ. ಅವನು ಕೆಟ್ಟವನಲ್ಲ. ಅವನ ಕೂಸು ಆ ದೋಣಿಯಲ್ಲಿತ್ತು. ಬೆಕ್ಕುಗಳಿರುವವರೆಗೆ ಯಾರಾದರೊಬ್ಬರು ಬೆಕ್ಕಿಗಾಗಿ ಹಿಂದಕ್ಕೆ ಓಡಿಯೇ ಓಡುತ್ತಾರೆ, ಯಾರಾದರೊಬ್ಬರು ಬಾಗಿಲು ಮುಚ್ಚಿಯೇ ಮುಚ್ಚುತ್ತಾರೆ, ಆದುದರಿಂದ ಬೆಕ್ಕುಗಳೇ ಬೇಡ ಎಂಬುದು ಅವನ ವಾದ. ಅದರಲ್ಲಿ ತರ್ಕದೋಷವಿಲ್ಲ. ನನ್ನ ವಾದ ಬೇರೆ: ಬೆಕ್ಕು ಬಾಗಿಲಿಗಿಂತ ಮೊದಲು ಬುಟ್ಟಿಯಲ್ಲಿದ್ದರೆ ಯಾರೂ ಹಿಂದಕ್ಕೆ ಓಡಬೇಕಾಗಿಲ್ಲ, ಯಾರೂ ಬಾಗಿಲು ಮುಚ್ಚಬೇಕಾಗಿಲ್ಲ. ತಪ್ಪು ಬೆಕ್ಕಿನದಲ್ಲ, ಕ್ರಮದ್ದು. ಇದನ್ನು ಸಭೆಯ ಹಿರಿಯರಾದ ರತ್ನಾಕರ ಶೇರಿಗಾರರಿಗೆ ಹೇಳಿದಾಗ ಅವರು ಮೀಸೆಯಡಿಯಲ್ಲಿ ನಕ್ಕರು. “ಬೆಕ್ಕಿಗೂ ಪಾಠ ಮಾಡುಕ್ ಹೊರ್ಟ್ರ್ಯಾ ಟೀಚರೇ? ಹಾಜ್ರಿನೂ ಕರೀತ್ರ್ಯಾ?” ಹೌದು, ಪಾಠ ಮಾಡುತ್ತಿದ್ದೇನೆ ಎಂದೆ.

ಅದು ಸತ್ಯ. ನೀರು ಇಳಿದಂದಿನಿಂದ ಅಕ್ಕಣಿಯವರು ಬೂದಿಯೊಂದಿಗೆ ನನ್ನ ಮನೆಯಲ್ಲಿದ್ದಾರೆ, ಪಾಠ ನಡೆಯುತ್ತಿದೆ. ಅವರ ಮನೆಯ ಕುಸಿಯದೆ ಉಳಿದ ಅಟ್ಟದಿಂದ ಬುಟ್ಟಿ ಇಳಿದು ನನ್ನ ನಡುಮನೆಯ ನೆಲದ ಮೇಲೆ, ಮುಚ್ಚಳ ತೆರೆದುಕೊಂಡು, ಸದಾ ಇರುತ್ತದೆ. ಒಳಗೆ ಅಕ್ಕಣಿಯವರ ಹಳೆಯ ಸೀರೆಯ ತುಂಡು, ಒಗೆಯದೇ ಇದ್ದದ್ದು, ಅವರ ವಾಸನೆಯಿರಲೆಂದು. ಮೊದಲು ಬೂದಿ ಅದರ ಸುತ್ತ ಅನುಮಾನದಿಂದ ಸುತ್ತಿತು. ನಾವು ನೋಡದವರಂತೆ ಕುಳಿತೆವು. ಊಟದ ತಟ್ಟೆಯನ್ನು ಬುಟ್ಟಿಯ ಬಳಿಗೆ, ಆಮೇಲೆ ಬುಟ್ಟಿಯ ಬಾಯಿಗೆ, ಆಮೇಲೆ ಒಳಕ್ಕೆ ಸರಿಸಿದೆವು. ಈಗ ಕೂಗುಗಂಬದ ಸದ್ದನ್ನು ಅಕ್ಕಣಿಯವರು ಬಾಯಲ್ಲಿಯೇ ಮೆಲ್ಲಗೆ ಅನುಕರಿಸಿ ಒಣಸಿಗಡಿಯನ್ನು ಬುಟ್ಟಿಯೊಳಗೆ ಹಾಕುತ್ತಾರೆ. ದಿನದಿನಕ್ಕೆ ದನಿಯನ್ನು ಏರಿಸುತ್ತಾರೆ. ಮೊನ್ನೆ ಅವರು ಗಂಟಲು ಹರಿಯುವಂತೆ ಕೂಗಿದರು. ಎದುರುಮನೆಯವರು ಬಾಗಿಲು ಹಾರುಹೊಡೆದು ಅಂಗಳಕ್ಕೆ ಬಂದರು, ಬೂದಿ ಬುಟ್ಟಿಯೊಳಕ್ಕೆ ಹಾರಿತು. ಎದುರುಮನೆಯವರ ಬೈಗುಳಗಳನ್ನು ಇಲ್ಲಿ ಬರೆಯುವುದಿಲ್ಲ. ನಾವು ನನ್ನ ಮನೆಯ ಒರಳಿನ ಹಿಂದಿನ ಸಂದನ್ನೂ ಹಲಗೆಯಿಂದ ಮುಚ್ಚಿದ್ದೇವೆ. ಬಾಗಿಲ ಪಕ್ಕದ ಗೂಟಕ್ಕೆ ಒಂದು ಚೀಲ ತೂಗುಹಾಕಿದ್ದೇವೆ: ಒಣ ಆಹಾರ, ಕುಡಿಯುವ ನೀರು, ಒಂದು ಬಟ್ಟಲು, ಬೂದಿಯ ಕಜ್ಜಿಯ ಮುಲಾಮು, ಮಲಮೂತ್ರಕ್ಕೆ ಅದು ಬಲ್ಲ ಮರಳಿನ ಒಂದು ಡಬ್ಬಿ. ಕೊರಳಪಟ್ಟಿಯ ಮೇಲೆ ಮನೆಯ ಗುರುತು ಹೊಲಿದಿದ್ದೇವೆ. ಅಕ್ಕಣಿಯವರು ಮನೆಯಲ್ಲಿಲ್ಲದಾಗ ಕೂಗು ಬಂದರೆ ಬೂದಿ ನನ್ನ ಹೊಣೆ. ನಾನಿಲ್ಲದಾಗ ವಿಸರ್ಗ ಅವರ ಹೊಣೆ.

ಇಷ್ಟಾದರೂ ಸಭೆಯನ್ನು ಗೆಲ್ಲಲು ಇದು ಸಾಲದು, ಇಲ್ಲಿಯೇ ನಿಮ್ಮ ನೆರವು ಬೇಕಾಗಿರುವುದು. ಕಡಲು ಮೊದಲ ಸಲ ಏರಿದ ಕಾಲದಲ್ಲಿ ದಿನಕ್ಕೊಬ್ಬರು ಹೊಸ ಉಪಾಯ ಹೇಳಿದರು, ಅದನ್ನು ನಂಬಿದವರು ಮುಳುಗಿದರು. ಅಂದಿನಿಂದ ಕೇರಿಸಭೆಯು ಯಾವ ಹೊಸ ಕ್ರಮವನ್ನೂ ಒಪ್ಪುವುದಿಲ್ಲ. ಒಂದು ನಿಯಮವನ್ನು ತಿದ್ದಬೇಕಾದರೆ, ಹಿಂದಿನವರು ಹಾಗೆ ನಡೆದುಕೊಂಡು ಬದುಕಿದ್ದರೆಂದು ರೂಢಿಸಾಕ್ಷಿ ಹೇಳಬೇಕು. ಊರಿನ ಅತ್ಯಂತ ಹಿರಿಯ ನಿವೃತ್ತ ಶಿಕ್ಷಕರೇ ರೂಢಿಸಾಕ್ಷಿ, ಈಗ ನಾನು. ಸಾಕ್ಷಿಯ ಮಾತಿಗೆ ಬೇರೆ ಆಧಾರ ಕೇಳುವ ಪದ್ಧತಿಯಿಲ್ಲ. ಸಾಕ್ಷಿ ಎದ್ದು ನಿಂತು ಹೇಳಿದರೆ ಜಟ್ಟಿಗನೂ ತಲೆಬಾಗುತ್ತಾನೆ.

ಹಾಗಾಗಿ ಈ ಕೆಲವು ದಿನ ನಿಮ್ಮ ಕಾಲದಿಂದ ಉಳಿದುಬಂದಿರುವ ಚಿತ್ರಗಳನ್ನೆಲ್ಲ ತೆರೆದು ನೋಡಿದೆ. ಹಿರಿಯರೇ, ನಿಮ್ಮಲ್ಲಿ ಬೆಕ್ಕುಗಳಿಗೇನೂ ಬರವಿಲ್ಲ. ಹಾಸಿಗೆಯ ಮೇಲೆ ಬೆಕ್ಕು, ಲ್ಯಾಪ್‌ಟಾಪಿನ ಮೇಲೆ ಬೆಕ್ಕು, ಹುಟ್ಟುಹಬ್ಬದ ಟೋಪಿ ಹಾಕಿದ ಬೆಕ್ಕು, ಅದಕ್ಕೆ ಪಾಪ ಎಷ್ಟು ಅವಮಾನವೋ. ನಿಮ್ಮ ಪ್ರೀತಿಯ ಬಗ್ಗೆ ನನಗೆ ಸಂದೇಹವಿಲ್ಲ. ಆದರೆ ಬುಟ್ಟಿಯೆಲ್ಲಿ? ಒಂದು ಚಿತ್ರದಲ್ಲಿ, ಕಪಾಟಿನ ನೆತ್ತಿಯ ಮೇಲೆ, ಸೂಟುಕೇಸಿನ ಹಿಂದೆ, ಧೂಳು ಹಿಡಿದ ಪ್ಲಾಸ್ಟಿಕ್ ಪೆಟ್ಟಿಗೆಯೊಂದರ ಮೂಲೆ ಕಂಡಿತು. ಅದನ್ನು ಇಳಿಸುವುದು ವರ್ಷಕ್ಕೊಮ್ಮೆ, ಸೂಜಿ ಹಾಕಿಸಲು ಡಾಕ್ಟರ ಬಳಿಗೆ ಹೋಗುವಾಗ ಮಾತ್ರ. ಅದನ್ನು ಕಂಡ ಕೂಡಲೆ ಬೆಕ್ಕು ಮಂಚದಡಿ ಸೇರುವುದರಲ್ಲಿ ಆಶ್ಚರ್ಯವೇನಿದೆ? ಹುಡುಕಿದ ಚಿತ್ರಗಳಲ್ಲಿ ನೆಲದ ಮೇಲೆ ತೆರೆದಿಟ್ಟ ಪೆಟ್ಟಿಗೆಯನ್ನು ನಾನು ಕಾಣಲಿಲ್ಲ. ಇಂದು ಸಂಜೆಯವರೆಗೂ ಹುಡುಕಿದೆ.

ನಿಮ್ಮ ಬೀದಿಗೆ ಕಡಲು ಬರದಿರಬಹುದು. ಆದರೆ ಕೆರೆಯ ಕೋಡಿ ಒಡೆದು ನೆಲಮಾಳಿಗೆಗೆ ನೀರು ನುಗ್ಗುವುದುಂಟು, ಪಕ್ಕದ ಮನೆಗೆ ಬೆಂಕಿ ಬೀಳುವುದುಂಟು, ಅಡುಗೆಯ ಸಿಲಿಂಡರು ಸೋರುವುದುಂಟು. ಅನಿಲದ ವಾಸನೆ ಬಂದೊಡನೆ ನೀವೂ ನಮ್ಮಂತೆಯೇ ಬಾಗಿಲುಗಳನ್ನು ಹಾರುಹೊಡೆಯುತ್ತೀರಿ. ಅದು ಸರಿಯಾದ ಕೆಲಸವೇ. ಹೆದರಿದ ಬೆಕ್ಕು ಆ ಸರಿಯಾದ ಬಾಗಿಲಿನಿಂದಲೇ ರಸ್ತೆಗೆ ಓಡುತ್ತದೆ. ಕಿಟಕಿಗಳಿಗೆ ಇಂದೇ ಜಾಲರಿ ಹಾಕಿಸಿರಿ. ಆಗ ಗಾಳಿ ಹೋಗುತ್ತದೆ, ಬೆಕ್ಕು ಹೋಗುವುದಿಲ್ಲ. ಪೆಟ್ಟಿಗೆಯನ್ನು ಕೆಳಗಿಳಿಸಿರಿ, ಒರೆಸಿರಿ, ನಿಮ್ಮ ಹಳೆಯ ಬಟ್ಟೆ ಹಾಸಿರಿ, ಒಂದು ಹೊತ್ತಿನ ಊಟವನ್ನು ಅದರೊಳಗೆ ಕೊಡಿರಿ. ಬೆಕ್ಕು ಎಲ್ಲೆಲ್ಲಿ ಅವಿತುಕೊಳ್ಳುವುದೆಂದು ಶಾಂತವಾಗಿರುವ ದಿನವೇ ತಿಳಿದುಕೊಳ್ಳಿರಿ. ನೆರೆಮನೆಯವರಲ್ಲಿ ಒಬ್ಬರಿಗೆ ನಿಮ್ಮ ಬೀಗದ ಕೈಯನ್ನೂ ಬೆಕ್ಕಿನ ಹೆಸರನ್ನೂ ಕೊಟ್ಟಿಡಿ. ಹೊಸ ಜಾಗಕ್ಕೆ ಹೋದ ಮೇಲೆ ಒಂದೇ ಕೋಣೆಯಲ್ಲಿ ಇಡಿ. ಮನಕರಗಿ ಹೊರಗೆ ಬಿಡಬೇಡಿ, ಅದು ಇಲ್ಲದ ಮನೆಯನ್ನು ಹುಡುಕಿಕೊಂಡು ಹೊರಟುಹೋಗುತ್ತದೆ. ಬೆಕ್ಕಿಗಾಗಿ ಪ್ರಾಣ ಕೊಡಿರೆಂದು ನಾನು ಹೇಳುತ್ತಿಲ್ಲ. ಉಬ್ಬುವ ಗೋಡೆಯ ಮುಂದೆ ನಿಂತು ಬಂದವಳು ಹೇಳುತ್ತಿದ್ದೇನೆ, ಅಂತಹ ಆಯ್ಕೆಯೇ ನಿಮ್ಮೆದುರು ಬಂದು ನಿಲ್ಲದಂತೆ ನೋಡಿಕೊಳ್ಳಿರಿ. ಬಂದು ನಿಂತಿತಾದರೆ, ನೀವು ಹೊರಗೆ ನಡೆಯಿರಿ.

ಇದನ್ನು ಕಥೆಯೆಂದು ಓದಿ ಮಗುಚಿಡುವವರು ಹೆಚ್ಚು ಮಂದಿ ಇರುತ್ತಾರೆಂದು ಹಿಂದಂಚೆಯವರು ಎಚ್ಚರಿಸಿದ್ದಾರೆ. ಆಗಲಿ. ನನಗೆ ಬೇಕಾಗಿರುವವರು ಕೆಲವರು. ಒಂದು ಬೀದಿಯಲ್ಲಿ ಒಂದು ಮನೆ ಹೀಗೆ ಮಾಡಿದರೆ ಪಕ್ಕದ ಮನೆ ನೋಡುತ್ತದೆ, ಮಕ್ಕಳು ನೋಡುತ್ತಾರೆ, ಆ ಮಕ್ಕಳು ಬೆಳೆದು ಬೇರೆ ಮನೆ ಕಟ್ಟುತ್ತಾರೆ. ರೂಢಿಯೆಂದರೆ ಇಷ್ಟೇ. ಅದಕ್ಕೆ ನಿಮ್ಮಲ್ಲಿ ಕಾಲಾವಕಾಶ ಬೇಕಾದಷ್ಟಿದೆ; ನನ್ನಲ್ಲಿ ಒಂದು ರಾತ್ರಿ ಇದೆ.

ನಾಳೆ ಸಭೆಯಲ್ಲಿ ನನ್ನ ಹೆಸರು ಕರೆದಾಗ ಎದ್ದು ನಿಲ್ಲುತ್ತೇನೆ. ಅಕ್ಕಣಿಯವರು ಹೆಂಗಸರ ಸಾಲಿನಲ್ಲಿ ಕುಳಿತು ನನ್ನ ಮುಖವನ್ನೇ ನೋಡುತ್ತಿರುತ್ತಾರೆ. ‘ಹಿಂದಿನವರು ಮೊದಲು ಬೆಕ್ಕನ್ನು ಬುಟ್ಟಿಗೆ ಸೇರಿಸಿ, ಅನಂತರ ಬಾಗಿಲು ತೆರೆಯುತ್ತಿದ್ದರು, ಹಾಗೆ ಮಾಡಿ ತಾವೂ ಬದುಕಿದರು, ಬೆಕ್ಕೂ ಬದುಕಿತು’ ಎಂದು, ಎಲ್ಲರಿಗೂ ಕೇಳುವಂತೆ, ನಾನು ಹೇಳುತ್ತೇನೆ. ತರಗತಿಯಲ್ಲಾಗಲಿ ಸಭೆಯಲ್ಲಾಗಲಿ ಇದುವರೆಗೆ ನಾನು ಒಂದು ಸುಳ್ಳನ್ನೂ ಆಡಿದವಳಲ್ಲ. ನನ್ನ ಈ ಮಾತು ಸುಳ್ಳಾಗದಂತೆ ನೋಡಿಕೊಳ್ಳುವುದು, ಹಿರಿಯರೇ, ನಿಮಗೆ ಸೇರಿದ್ದು. ಪೆಟ್ಟಿಗೆ ಕಪಾಟಿನ ಮೇಲಿದೆ. ಎದ್ದು ಇಳಿಸಿರಿ.

ಇತಿ,
ಇಂದುಮತಿ ದೇವಾಡಿಗ